ಸಹಿ ಹಾಕುವ ಮುನ್ನ ಸಾಲದ ಕಾಗದ ಕನ್ನಡದಲ್ಲಿ ಕೇಳಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ಹೊಸೂರಿನಲ್ಲಿ ಕಿವಿಗೆ ಬೀಳುವ ನಾಲ್ಕೂ ಭಾಷೆಯಲ್ಲಿದೆ. ಕನ್ನಡದವರು ಹೇಳ್ತಾರೆ, ತೆಲುಗಿನವರು ಹೇಳ್ತಾರೆ, ತಮಿಳರು ಹೇಳ್ತಾರೆ. ನಮ್ಮ ಮನೆಯ ಹಿರಿಯರು ಇದನ್ನೇ ಮರಾಠಿಯಲ್ಲಿ ಹೇಳುತ್ತಿದ್ದರು. ಆದರೆ ಮನೆ ಕಟ್ಟಲು ಹೊರಟವನ ಮುಂದೆ ಬ್ಯಾಂಕು ಇಡುವ ಸಾಲದ ಕರಾರು ಈ ನಾಲ್ಕರಲ್ಲಿ ಒಂದರಲ್ಲೂ ಇರುವುದಿಲ್ಲ. ಅದು ಇಂಗ್ಲಿಷಿನಲ್ಲಿರುತ್ತದೆ. ಅಲ್ಲಿಗೆ ಸೇರಿಸುವ ಪಟ್ಟಾ ತಮಿಳಿನಲ್ಲಿರುತ್ತದೆ. ಇವೆರಡರ ನಡುವೆ ಕನ್ನಡದಲ್ಲಿರುವುದು ಸಾಲಗಾರನ ಸಹಿ ಒಂದೇ.

ಬಾಗಲೂರು ಕಡೆಯ ಪರಿಚಯದವರೊಬ್ಬರು ಈಚೆಗೆ ಕಾಗದದ ಕಟ್ಟು ಹಿಡಿದು ಬಂದಿದ್ದರು. ಗಡಿಯಾಚೆ ಅತ್ತಿಬೆಲೆ ಹತ್ತಿರದ ಕಾರ್ಖಾನೆಯಲ್ಲಿ ಕೆಲಸ, ಸೈಟು ಈಚೆ ತಮಿಳುನಾಡಿನಲ್ಲಿ. ಇಪ್ಪತ್ತು ಲಕ್ಷ ಸಾಲ ಕೇಳಿದ್ದರು. ಕಂತು ತಾವು ಎಣಿಸಿದ್ದಕ್ಕಿಂತ ಆರುನೂರು ಚಿಲ್ಲರೆ ಹೆಚ್ಚಿಗೆ ಯಾಕೆ ಹಿಡಿಯುತ್ತಿದ್ದಾರೆ ಎಂಬುದು ಅವರ ಪ್ರಶ್ನೆ. ಕಾಗದ ತಿರುವಿ ನೋಡಿದರೆ ಮಂಜೂರಾಗಿದ್ದು 20 ಲಕ್ಷದ 72 ಸಾವಿರ. ಆ 72 ಸಾವಿರ ಸಾಲದ ಮೇಲಿನ ಜೀವ ವಿಮೆಯ ಒಂದೇ ಗಂಟಿನ ಪ್ರೀಮಿಯಂ. ಅದನ್ನೂ ಸಾಲಕ್ಕೇ ಸೇರಿಸಿದ್ದರು. "ಎಲ್ಲೆಲ್ಲಿ ಪೆನ್ಸಿಲ್ ಗುರುತು ಹಾಕಿದ್ರೋ ಅಲ್ಲೆಲ್ಲ ಸಹಿ ಹಾಕ್ದೆ ಅಣ್ಣ, ಓದೋಕೆ ಯಾರು ಬಿಟ್ರು?" ಎಂದರು.

ಲೆಕ್ಕ ಹಾಕೋಣ. ಶೇ. 8.5 ಬಡ್ಡಿಗೆ, 20 ವರ್ಷದ ಅವಧಿಗೆ 72 ಸಾವಿರ ರೂಪಾಯಿಯ ಕಂತು ತಿಂಗಳಿಗೆ ಸುಮಾರು 625. ಇನ್ನೂರ ನಲವತ್ತು ತಿಂಗಳು ಕಟ್ಟಿದರೆ ಹತ್ತಿರ ಹತ್ತಿರ ಒಂದೂವರೆ ಲಕ್ಷ. ವಿಮೆ ಕೆಟ್ಟದ್ದು ಎಂದು ನಾವು ಹೇಳುತ್ತಿಲ್ಲ. ದುಡಿಯುವವನಿಗೆ ಏನಾದರೂ ಆದರೆ ಹೆಂಡತಿ ಮಕ್ಕಳ ತಲೆ ಮೇಲಿನ ಸೂರು ಉಳಿಸುವುದು ಅದೇ. ಆದರೆ ಮನೆ ಸಾಲ ಬೇಕಾದರೆ ಇಂಥದೇ ಕಂಪನಿಯ ಜೀವ ವಿಮೆ ಕೊಳ್ಳಲೇಬೇಕು ಎಂಬ ಕಾನೂನಿಲ್ಲ. ಬೇಕೋ ಬೇಡವೋ ಎಂದು ಕೇಳಿಸಿಕೊಳ್ಳುವ ಹಕ್ಕಾದರೂ ಆ ಮನುಷ್ಯನಿಗೆ ಇತ್ತು. ಯಾರೂ ಕೇಳಲಿಲ್ಲ.

ಇದಕ್ಕೆ ಮದ್ದು ಆಗಲೇ ಬಂದಿದೆ, ಅದು ನಮ್ಮ ಗಡಿ ಭಾಗದ ಜನಕ್ಕೆ ತಲುಪಿಲ್ಲ ಅಷ್ಟೆ. ರಿಸರ್ವ್ ಬ್ಯಾಂಕ್ 2024ರ ಏಪ್ರಿಲ್‌ನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, 2024ರ ಅಕ್ಟೋಬರ್ 1ರಿಂದ ಈಚೆಗೆ ಮಂಜೂರಾಗುವ ಪ್ರತಿಯೊಂದು ಮನೆ ಸಾಲಕ್ಕೂ 'ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್' ಎಂಬ ಮುಖ್ಯಾಂಶಗಳ ಪತ್ರ ಕೊಡಬೇಕು. ಸಾಲ ಎಷ್ಟು, ಬಡ್ಡಿ ಎಷ್ಟು, ಕಂತು ಎಷ್ಟು, ವಕೀಲರ ಫೀಜು, ವಿಮೆ, ಪ್ರೋಸೆಸಿಂಗ್ ಶುಲ್ಕ ಎಲ್ಲ ಸೇರಿ ವರ್ಷಕ್ಕೆ ನಿಜವಾಗಿ ಬೀಳುವ ದರ ಎಷ್ಟು ಎಂಬುದೆಲ್ಲ ಅದರಲ್ಲಿರಬೇಕು. ಈ ಪತ್ರ ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಅದನ್ನು ವಿವರಿಸಿ ಹೇಳಬೇಕು, ಅರ್ಥವಾಯಿತು ಎಂದು ಅವನಿಂದ ಬರೆಸಿಕೊಳ್ಳಬೇಕು ಎಂದು ಸುತ್ತೋಲೆಯಲ್ಲೇ ಇದೆ. ಪತ್ರ ಕೊಟ್ಟ ಮೇಲೆ ಒಪ್ಪಲು ಕನಿಷ್ಠ ಮೂರು ಕೆಲಸದ ದಿನ ಸಮಯ ಕೊಡಬೇಕು. ಅದರಲ್ಲಿ ನಮೂದಿಸದ ಯಾವ ಶುಲ್ಕವನ್ನೂ ಸಾಲಗಾರನ ಸ್ಪಷ್ಟ ಒಪ್ಪಿಗೆ ಇಲ್ಲದೆ ಮುಂದೆ ವಸೂಲು ಮಾಡುವಂತಿಲ್ಲ. ಸರ್ಕಾರಿ ಬ್ಯಾಂಕು, ಖಾಸಗಿ ಬ್ಯಾಂಕು, ಸಹಕಾರಿ ಬ್ಯಾಂಕು, ಹೌಸಿಂಗ್ ಫೈನಾನ್ಸ್ ಕಂಪನಿ ಎಲ್ಲಕ್ಕೂ ಇದು ಅನ್ವಯ.

ಅರ್ಥವಾಗುವ ಭಾಷೆ ಎಂದರೆ ರಾಜ್ಯದ ಭಾಷೆ ಎಂದಲ್ಲ, ಸಾಲ ತೆಗೆದುಕೊಳ್ಳುವವನಿಗೆ ಅರ್ಥವಾಗುವ ಭಾಷೆ. ತಳಿ, ಡೆಂಕಣಿಕೋಟೆ, ಅಂಚೆಟ್ಟಿ, ಬೇರಿಗೆ, ಬಾಗಲೂರಿನ ಕನ್ನಡ ಮನೆಗಳಲ್ಲಿ ತಮಿಳು ಮಾತಾಡುವವರು ಬಹಳ, ಓದಿ ಅರ್ಥ ಮಾಡಿಕೊಳ್ಳುವ ಹಿರಿಯರು ಕಮ್ಮಿ. ಹಾಗಾಗಿ ಹೊಸೂರಿನ ಶಾಖೆಯಲ್ಲಿ ಕೂತು "ಸಾರ್, ಆ ಮುಖ್ಯಾಂಶದ ಕಾಗದ ಕನ್ನಡದಲ್ಲಿ ಕೊಡಿ, ಮನೆಗೆ ತಗೊಂಡು ಹೋಗಿ ಓದಿ ಬರ್ತೀನಿ" ಎಂದು ಕೇಳುವುದು ಜಗಳವೂ ಅಲ್ಲ, ಭಾಷಾಭಿಮಾನದ ಪ್ರದರ್ಶನವೂ ಅಲ್ಲ. ಇದೇ ಬ್ಯಾಂಕುಗಳು ಇಲ್ಲಿಂದ ಹತ್ತು ಹದಿನೈದು ಕಿಲೋಮೀಟರ್ ಆಚೆ, ಅತ್ತಿಬೆಲೆ ಆನೇಕಲ್ಲಿನಲ್ಲಿ ಕನ್ನಡದವರ ಜತೆ ದಿನಾ ವ್ಯವಹಾರ ಮಾಡುತ್ತವೆ. ಅಲ್ಲಿನ ನಮೂನೆ ಇಲ್ಲಿಗೆ ತರಿಸಲು ಎಷ್ಟು ಹೊತ್ತು ಬೇಕು?

ಆದರೆ ಆ ಕಾಗದದ ತನಕ ಹೋಗಬೇಕಾದರೆ ಮೊದಲು ನಮ್ಮ ಕಾಗದ ಸರಿ ಇರಬೇಕು. ನಮ್ಮ ಕಡೆ ಸಾಲದ ಅರ್ಜಿಗಳು ಹೆಚ್ಚಾಗಿ ನಿಲ್ಲುವುದು ಸಂಬಳಕ್ಕಲ್ಲ, ಕಾಗದಕ್ಕೆ. ಇದಕ್ಕೆ ಈ ನೆಲದ ಇತಿಹಾಸವೂ ಒಂದು ಕಾರಣ. 1956ರಲ್ಲಿ ರಾಜ್ಯಗಳ ವಿಂಗಡಣೆ ಆದಾಗ ಹೊಸೂರು ಮದ್ರಾಸಿನ ಕಡೆಗೇ ಉಳಿಯಿತು, ಆಗ ಸೇಲಂ ಜಿಲ್ಲೆ. 1965ರಲ್ಲಿ ಧರ್ಮಪುರಿ ಜಿಲ್ಲೆಯಾಯಿತು. 2004ರಲ್ಲಿ ಕೃಷ್ಣಗಿರಿ ಜಿಲ್ಲೆ. ಅಜ್ಜನ ಕ್ರಯಪತ್ರದಲ್ಲಿ ಸೇಲಂ, ಅಪ್ಪನದರಲ್ಲಿ ಧರ್ಮಪುರಿ, ಮಗನದರಲ್ಲಿ ಕೃಷ್ಣಗಿರಿ. ಸೈಟು ಒಂದೇ, ಜಿಲ್ಲೆ ಮೂರು. ನಡುವೆ ಸರ್ವೆ ನಂಬರಿಗೆ ಉಪ ನಂಬರು ಬಿದ್ದಿರುತ್ತದೆ. ಬ್ಯಾಂಕಿನ ವಕೀಲರು ಹಳೆಯದರಿಂದ ಹೊಸದರ ತನಕ ಕೊಂಡಿ ಕೂಡಿಸಿ ನೋಡುತ್ತಾರೆ. ಒಂದು ಕೊಂಡಿ ಕಳಚಿದ್ದರೂ ಅಭಿಪ್ರಾಯ ಬರೆಯುವುದಿಲ್ಲ.

ಹೆಸರಿನ ಪಾಡು ಇನ್ನೊಂದು. ತಮಿಳು ಲಿಪಿಯಲ್ಲಿ ಕ-ಗ, ಪ-ಬಗಳಿಗೆ ಬೇರೆ ಬೇರೆ ಅಕ್ಷರ ಇಲ್ಲ. ನಮ್ಮ ಬೈರಪ್ಪನನ್ನು ಪಟ್ಟಾದಲ್ಲಿ ತಮಿಳಿನಲ್ಲಿ ಸರಿಯಾಗಿಯೇ ಬರೆದಿರುತ್ತಾರೆ. ಅದನ್ನು ಯಾರೋ ಇಂಗ್ಲಿಷಿಗೆ ಇಳಿಸುವಾಗ ಪೈರಪ್ಪ ಆಗುತ್ತಾನೆ. ಗಂಗಪ್ಪ ಕಂಗಪ್ಪ ಆಗುತ್ತಾನೆ, ಬಸಪ್ಪ ಪಸಪ್ಪ ಆಗುತ್ತಾನೆ. ಆಧಾರಿನಲ್ಲಿ ಬೈರಪ್ಪ, ಪ್ಯಾನ್ ಕಾರ್ಡಿನಲ್ಲಿ ಇನಿಷಿಯಲ್ ಹಿಂದೆ, ಪತ್ರದಲ್ಲಿ ಇನಿಷಿಯಲ್ ಮುಂದೆ. ಬ್ಯಾಂಕಿನ ಮೇಜಿನ ಮೇಲೆ ಒಬ್ಬ ಮನುಷ್ಯ ಮೂವರಾಗಿ ಕೂರುತ್ತಾನೆ. ನಗು ಬರುವ ವಿಷಯವೇ, ಆದರೆ ಸಾಲಕ್ಕೆ ಅಲೆಯುವವನಿಗೆ ನಗು ಬರುವುದಿಲ್ಲ. ಇದಕ್ಕೆ ನೋಟರಿ ಮುಂದೆ 'ಇಬ್ಬರೂ ಒಬ್ಬನೇ' ಎಂಬ ಪ್ರಮಾಣಪತ್ರ ಮಾಡಿಸಿದರೆ ಕೆಲವು ಕಡೆ ನಡೆಯುತ್ತದೆ. ಪಟ್ಟಾದಲ್ಲೇ ತಪ್ಪಿದ್ದರೆ ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟು ತಿದ್ದಿಸುವುದೇ ಒಳ್ಳೆಯದು. ಇದನ್ನು ಸಾಲದ ಅರ್ಜಿಗೆ ಆರು ತಿಂಗಳು ಮುಂಚೆ ಮಾಡಿಸಿ. ಬ್ಯಾಂಕಿನವರು ಕೇಳಿದ ದಿನ ಓಡಿದರೆ ಆಗುವ ಕೆಲಸವಲ್ಲ ಇದು.

ಗಡಿಯಾಚೆ ಕೆಲಸ ಮಾಡುವವರಿಗೆ ಇನ್ನೊಂದು ಗೊಂದಲ. ಬೆಂಗಳೂರು ಕಡೆಯ ಶಾಖೆಗೆ ಹೋದರೆ "ಖಾತಾ ತನ್ನಿ" ಎನ್ನುತ್ತಾರೆ. ತಮಿಳುನಾಡಿನಲ್ಲಿ ಖಾತಾ ಎಂಬ ಹೆಸರಿನ ಕಾಗದವೇ ಇಲ್ಲ. ಇಲ್ಲಿ ಕಂದಾಯ ಇಲಾಖೆಯ ಪಟ್ಟಾ, ಅದರ ಜತೆ ಎಫ್‌ಎಂಬಿ ನಕ್ಷೆ, ಸಬ್ ರಿಜಿಸ್ಟ್ರಾರ್ ಕಚೇರಿಯ ವಿಲ್ಲಂಗ ಸರ್ಟಿಫಿಕೇಟ್ (ನಾವು ಈಸಿ ಅನ್ನುವುದು), ಮನೆ ತೆರಿಗೆ ರಸೀದಿ ಇವೆಲ್ಲ ಸೇರಿ ಆ ಕೆಲಸ ಮಾಡುತ್ತವೆ. ಪಟ್ಟಾ ಒಂದಿದ್ದರೆ ಸಾಕು ಎಂದು ನಂಬಿದವರೂ ಇದ್ದಾರೆ. ಸಾಲದು. ಪಟ್ಟಾ ಕಂದಾಯ ದಾಖಲೆ, ಮಾಲೀಕತ್ವಕ್ಕೆ ನೋಂದಣಿಯಾದ ಪತ್ರ ಬೇಕು. ಅಣ್ಣತಮ್ಮಂದಿರ ಹೆಸರಿನ ಕೂಟು ಪಟ್ಟಾ ಇದ್ದರೆ ನೋಂದಾಯಿತ ವಿಭಾಗ ಪತ್ರ ಮಾಡಿಸಿ, ಸರ್ವೇಯರ್ ಬಂದು ಅಳೆದು, ನಿಮ್ಮ ಭಾಗಕ್ಕೆ ಬೇರೆ ಪಟ್ಟಾ ಆಗಬೇಕು. ಅಜ್ಜ ತೀರಿಕೊಂಡು ಅವರ ಹೆಸರಲ್ಲೇ ಪಟ್ಟಾ ಇದ್ದರೆ ಮೊದಲು ವಾರಸು ಪ್ರಮಾಣಪತ್ರ. ಮದುವೆಯಾಗಿ ಹೋದ ಅತ್ತೆಯರ, ಅಕ್ಕತಂಗಿಯರ ಹೆಸರೂ ಅದರಲ್ಲಿ ಬರಬೇಕು. ಬಿಟ್ಟು ಮಾಡಿಸಿದರೆ ವಕೀಲರ ಕೈಯಲ್ಲಿ ಸಿಕ್ಕಿಬೀಳುತ್ತದೆ, ಸಂಬಂಧವೂ ಕೆಡುತ್ತದೆ.

ಅರ್ಜಿ ಎಲ್ಲಿ ಹಾಕುವುದು ಎಂಬ ಪ್ರಶ್ನೆಗೆ ನಮ್ಮ ಅನುಭವದ ಮಾತು ಇಷ್ಟೇ: ಸಂಬಳ ಎಲ್ಲೇ ಬರಲಿ, ಸೈಟು ಇರುವ ಕಡೆಯ ಶಾಖೆಯಲ್ಲಿ ಹಾಕುವುದು ಸಲೀಸು. ಪಟ್ಟಾ ಓದಬಲ್ಲ ವಕೀಲರೂ, ಸ್ಥಳಕ್ಕೆ ಬಂದು ನೋಡುವ ಇಂಜಿನಿಯರೂ ಅಲ್ಲಿರುತ್ತಾರೆ.

ಇನ್ನು ಸೈಟು. ಹೊಸೂರು 2019ರಲ್ಲಿ ಮಹಾನಗರ ಪಾಲಿಕೆ ಆಯಿತು. ಅದಕ್ಕೂ ಎಷ್ಟೋ ಮುಂಚೆಯಿಂದ ಸುತ್ತಲಿನ ಹೊಲಗಳಿಗೆ ಕಲ್ಲು ನೆಟ್ಟು ಸೈಟು ಮಾರುವ ವ್ಯಾಪಾರ ನಡೆದಿದೆ. ಅನುಮೋದನೆ ಇಲ್ಲದ ಸೈಟುಗಳ ನೋಂದಣಿಗೆ ಮದ್ರಾಸ್ ಹೈಕೋರ್ಟ್ 2016ರ ಸೆಪ್ಟೆಂಬರ್‌ನಲ್ಲಿ ತಡೆ ಹಾಕಿತು. ಆಮೇಲೆ ಸರ್ಕಾರ 2017ರಲ್ಲಿ ಸಕ್ರಮದ ನಿಯಮ ತಂದು, 2016ರ ಅಕ್ಟೋಬರ್ 20ಕ್ಕೆ ಮುಂಚಿನ ಸೈಟುಗಳಿಗೆ ದಾರಿ ಮಾಡಿಕೊಟ್ಟಿತು. ಅಂಥ ಸೈಟು ನಿಮ್ಮದಾದರೆ ಸಕ್ರಮದ ಆದೇಶದ ಪ್ರತಿ ಕೈಯಲ್ಲಿರಬೇಕು. ಹೊಸದಾಗಿ ಕೊಳ್ಳುವವರು ಮುಂಗಡ ಕೊಡುವ ಮುನ್ನ ಡಿಟಿಸಿಪಿ ಅನುಮೋದನೆ ಸಂಖ್ಯೆ ಕೇಳಲಿ. "ಪಂಚಾಯ್ತಿ ಅಪ್ರೂವ್ಡ್ ಸಾರ್, ಎಲ್ಲರೂ ಕಟ್ಟಿದಾರೆ ನೋಡಿ" ಎಂಬ ಮಾತಿಗೆ ಬ್ಯಾಂಕು ಸಾಲ ಕೊಡುವುದಿಲ್ಲ. ಎಲ್ಲರೂ ಕಟ್ಟಿರುವುದು ನಿಜ. ಹೇಗೆ ಕಟ್ಟಿದರು, ಯಾವ ಬಡ್ಡಿಗೆ ತಂದು ಕಟ್ಟಿದರು ಎಂಬುದನ್ನು ಯಾರೂ ಹೇಳುವುದಿಲ್ಲ.

ಕಟ್ಟಡದ ಪ್ಲಾನಿಗೆ ಮಾತ್ರ ಮೊದಲಿನಷ್ಟು ಅಲೆದಾಟ ಉಳಿದಿಲ್ಲ. 2,500 ಚದರಡಿ ಒಳಗಿನ ಸೈಟಿನಲ್ಲಿ 3,500 ಚದರಡಿ ಒಳಗಿನ ಮನೆ, ನೆಲ ಅಂತಸ್ತು ಅಥವಾ ಮೇಲೊಂದು, ಇಷ್ಟಿದ್ದರೆ ಸ್ವಯಂ ದೃಢೀಕರಣದ ಮೇಲೆ ಆನ್‌ಲೈನಿನಲ್ಲೇ ಅನುಮತಿ ಕೊಡುವ ಯೋಜನೆ 2024ರ ಜುಲೈನಲ್ಲಿ ತಮಿಳುನಾಡಿನಲ್ಲಿ ಬಂತು. ಕೆಲಸ ಹಗುರವಾಯಿತು, ಜವಾಬ್ದಾರಿ ನಮ್ಮ ತಲೆ ಮೇಲೆ ಬಂತು. ಪ್ಲಾನಿನಲ್ಲಿ ಒಂದು ತೋರಿಸಿ, ಮೇಸ್ತ್ರಿ ಮಾತು ಕೇಳಿ ಅತ್ತಿತ್ತ ಎರಡಡಿ ಎಳೆದರೆ ಮುಂದಿನ ಕಂತು ಬಿಡಲು ಬರುವ ಬ್ಯಾಂಕಿನ ಇಂಜಿನಿಯರು ಟೇಪು ಹಿಡಿದೇ ಬಂದಿರುತ್ತಾರೆ.

ಹಣದ ವಿಷಯಕ್ಕೆ ಬರೋಣ, ನಿಜವಾಗಿ ಮನೆಗಳು ನಿಲ್ಲುವುದು ಇಲ್ಲೇ. ಬಾಗಲೂರು ರಸ್ತೆ, ತಳಿ ರಸ್ತೆಯ ಒಳಗಿನ ಬಡಾವಣೆಗಳಲ್ಲಿ ಒಂದು ಸುತ್ತು ಹಾಕಿ. ಲಿಂಟಲ್ ಮಟ್ಟಕ್ಕೆ ಬಂದು ನಿಂತ ಗೋಡೆ, ಮೋಲ್ಡ್ ಆಗಿ ಕಂಬಿ ತುಕ್ಕು ಹಿಡಿದ ಮನೆ, ಒಳಗೆ ಬೆಳೆದ ಎಕ್ಕದ ಗಿಡ. ಸಾಲ ಮಂಜೂರಾದರೆ ಇಪ್ಪತ್ತು ಲಕ್ಷವೂ ಒಟ್ಟಿಗೆ ಬಂದುಬಿಡುತ್ತದೆ ಎಂದು ನಂಬಿ ಗುದ್ದಲಿ ಪೂಜೆ ಮಾಡಿದವರ ಮನೆಗಳೂ ಅದರಲ್ಲಿವೆ. ಕಟ್ಟಡದ ಸಾಲ ಹಂತ ಹಂತವಾಗಿ ಬರುತ್ತದೆ. ಪಾಯ ಮುಗಿದ ಮೇಲೆ ಇಷ್ಟು, ಲಿಂಟಲ್‌ಗೆ ಇಷ್ಟು, ಮೋಲ್ಡ್‌ಗೆ ಇಷ್ಟು, ಗಾರೆ ಕೆಲಸಕ್ಕೆ ಇಷ್ಟು. ಹಂತ ಮುಗಿಸಿ ತೋರಿಸಿದ ಮೇಲೆ ಹಣ, ಹಣ ಬಂದ ಮೇಲೆ ಹಂತ ಅಲ್ಲ. ಹಾಗಾದರೆ ಮೊದಲ ಪಾಯಕ್ಕೆ ಯಾರ ದುಡ್ಡು? ನಮ್ಮದೇ.

ರಿಸರ್ವ್ ಬ್ಯಾಂಕಿನ ಮಿತಿ ಪ್ರಕಾರ 30 ಲಕ್ಷದ ತನಕದ ಸಾಲಕ್ಕೆ ಮನೆಯ ಬೆಲೆಯ ಶೇ. 90, ಅದರ ಮೇಲೆ 75 ಲಕ್ಷದ ತನಕ ಶೇ. 80, ಇನ್ನೂ ಮೇಲೆ ಹೋದರೆ ಶೇ. 75. ಇದು ಮೀರಬಾರದ ಗೆರೆಯೇ ಹೊರತು ಕೊಟ್ಟೇ ಕೊಡುತ್ತೇವೆ ಎಂಬ ಮಾತಲ್ಲ. ಬ್ಯಾಂಕು ಲೆಕ್ಕ ಹಿಡಿಯುವುದು ನಿಮ್ಮ ಮೇಸ್ತ್ರಿ ಹೇಳಿದ ಎಸ್ಟಿಮೇಟಿನ ಮೇಲಲ್ಲ, ತನ್ನ ಇಂಜಿನಿಯರು ಒಪ್ಪಿದ ಬೆಲೆಯ ಮೇಲೆ. ನೋಂದಣಿ ಖರ್ಚೂ ಅದರಲ್ಲಿ ಸೇರುವುದಿಲ್ಲ. ಹತ್ತು ಲಕ್ಷದೊಳಗಿನ ಮನೆಗೆ ಮಾತ್ರ ಸೇರಿಸಲು ಅವಕಾಶವಿದೆ. ಸೈಟೂ ಕೊಂಡು ಮನೆಯೂ ಕಟ್ಟುವವರು ಇದನ್ನು ಮರೆಯಬಾರದು. ತಮಿಳುನಾಡಿನಲ್ಲಿ 2023ರ ಏಪ್ರಿಲ್‌ನಿಂದ ಕ್ರಯಕ್ಕೆ ಶೇ. 7 ಮುದ್ರಾಂಕ, ಶೇ. 2 ನೋಂದಣಿ ಶುಲ್ಕ, ಒಟ್ಟು ಶೇ. 9. ಹೆಣ್ಣುಮಕ್ಕಳ ಹೆಸರಲ್ಲಿ ಹತ್ತು ಲಕ್ಷದೊಳಗಿನ ಆಸ್ತಿ ನೋಂದಾಯಿಸಿದರೆ 2025ರ ಏಪ್ರಿಲ್‌ನಿಂದ ನೋಂದಣಿ ಶುಲ್ಕದಲ್ಲಿ ಶೇ. 1 ಕಡಿತ ಇದೆ. ಮನೆಯ ಯಜಮಾನಿಯ ಹೆಸರಲ್ಲಿ ಸೈಟು ಮಾಡಲು ಇದೂ ಒಂದು ನೆಪವಾಗಲಿ. ಅದು ಮುಗಿದ ಮೇಲೆ ಪತ್ರಗಳನ್ನು ಬ್ಯಾಂಕಿಗೆ ಒತ್ತೆ ಇಡುವ ಕರಾರನ್ನೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕು, ಅದಕ್ಕೂ ಖರ್ಚು.

ಹೀಗೆ ಕೈಯಲ್ಲಿದ್ದದ್ದು ಮೊದಲೇ ಖಾಲಿಯಾದವನು ಎರಡು ಹಂತಗಳ ನಡುವೆ ಸಿಕ್ಕಿಕೊಳ್ಳುತ್ತಾನೆ. ಮೇಸ್ತ್ರಿಗೆ ಶನಿವಾರ ಬಟವಾಡೆ ಆಗಬೇಕು, ಇಂಜಿನಿಯರು ಬರುವುದು ಮುಂದಿನ ವಾರ, ಹಣ ಬರುವುದು ಅದರ ಮುಂದಿನ ವಾರ. ಆ ಹದಿನೈದು ದಿನಕ್ಕೆ ಮೀಟರ್ ಬಡ್ಡಿಯವನ ಹತ್ತಿರ ಹೋದರೆ ಬ್ಯಾಂಕಿನಲ್ಲಿ ಅರ್ಧ ಪರ್ಸೆಂಟ್ ಉಳಿಸಲು ಪಟ್ಟ ಪಾಡೆಲ್ಲ ನೀರುಪಾಲು. ಪಾಯದ ಖರ್ಚು, ಅದರ ಮೇಲೆ ಒಂದು ಹಂತದ ಕೂಲಿ ಇಷ್ಟು ಕೈಯಲ್ಲಿಲ್ಲದೆ ಗುದ್ದಲಿ ಹಿಡಿಯಬೇಡಿ ಎಂದೇ ನಾವು ಹೇಳುವುದು. ಶ್ರಾವಣದ ಮುಹೂರ್ತ ತಪ್ಪಿದರೆ ಮಾಘದಲ್ಲಿ ಇನ್ನೊಂದು ಸಿಗುತ್ತದೆ.

ಬಡ್ಡಿಯ ಬಗ್ಗೆ ಒಂದೆರಡು ಮಾತು. ಕಟ್ಟುವಾಗ ಬಿಡುಗಡೆಯಾದ ಹಣಕ್ಕೆ ಮಾತ್ರ ಬಡ್ಡಿ. ಐದು ಲಕ್ಷ ಬಂದಿದ್ದರೆ ಶೇ. 8.5ರಲ್ಲಿ ತಿಂಗಳಿಗೆ ಸುಮಾರು 3,540, ಹತ್ತು ಲಕ್ಷ ಬಂದಿದ್ದರೆ ಸುಮಾರು 7,080. ಇದು ಬರೀ ಬಡ್ಡಿ, ಅಸಲು ಒಂದು ರೂಪಾಯಿಯೂ ಕರಗುವುದಿಲ್ಲ. ಜತೆಗೆ ಈಗಿರುವ ಮನೆಯ ಬಾಡಿಗೆ ನಡೆಯುತ್ತಲೇ ಇರುತ್ತದೆ. ಕೆಲಸ ಎಳೆದಷ್ಟೂ ಎರಡೂ ಎಳೆಯುತ್ತವೆ. ಹಣ ಕೈಗೆ ಬರುವ ಮುಂಚೆ, ಮಂಜೂರಾದ ದಿನದಿಂದಲೇ ಬಡ್ಡಿ ಹಾಕುವ ಚಾಳಿ ಕೆಲವರಲ್ಲಿ ಕಂಡುಬಂದಿದೆ ಎಂದು ರಿಸರ್ವ್ ಬ್ಯಾಂಕೇ 2024ರ ಏಪ್ರಿಲ್‌ನಲ್ಲಿ ಹೇಳಿ, ಹಾಗೆ ಮಾಡಬಾರದೆಂದು ತಾಕೀತು ಮಾಡಿದೆ. ಪಾಸ್‌ಬುಕ್ ತೆಗೆದು ತಾರೀಖು ನೋಡಿ.

ಪೂರ್ತಿ 20 ಲಕ್ಷಕ್ಕೆ ಇದೇ ದರದಲ್ಲಿ 20 ವರ್ಷಕ್ಕೆ ಕಂತು ಸುಮಾರು 17,360. ಅದನ್ನೇ 25 ವರ್ಷ ಮಾಡಿದರೆ ಸುಮಾರು 16,100. ತಿಂಗಳಿಗೆ 1,250 ಉಳಿಯಿತು ಎಂದು ಖುಷಿಪಡುವವರು ಒಟ್ಟು ಲೆಕ್ಕ ನೋಡುವುದಿಲ್ಲ. ಆರೂವರೆ ಲಕ್ಷಕ್ಕೂ ಮಿಕ್ಕಿ ಹೆಚ್ಚು ಕಟ್ಟಬೇಕಾಗುತ್ತದೆ. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳ ಹೊಸ ಬದಲಾಗುವ ಬಡ್ಡಿಯ ಮನೆ ಸಾಲಗಳು ರೆಪೋ ದರದಂಥ ಹೊರಗಿನ ಮಾನದಂಡಕ್ಕೆ ಕಟ್ಟುಬಿದ್ದಿವೆ. 2025ರಲ್ಲಿ ನಾಲ್ಕು ಸಲ ಇಳಿದು ರೆಪೋ 6.50ರಿಂದ 5.25ಕ್ಕೆ ಬಂತು. ನಿಮ್ಮ ಹಳೆ ಸಾಲದ ದರ ಅದರ ಜತೆ ಇಳಿಯಿತೇ ಎಂದು ಶಾಖೆಯಲ್ಲಿ ಕೇಳಿ. ಹೌಸಿಂಗ್ ಫೈನಾನ್ಸ್ ಕಂಪನಿಗಳಿಗೆ ಈ ಕಟ್ಟು ಇಲ್ಲ, ಅಲ್ಲಿ ಸಾಲ ಮಾಡಿದವರು ಇನ್ನೂ ಹುಷಾರಾಗಿರಬೇಕು. ಬದಲಾಗುವ ಬಡ್ಡಿಯ ಮನೆ ಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ದಂಡ ಇಲ್ಲ. ಬೋನಸ್ ಬಂದಾಗ ಹತ್ತು ಸಾವಿರವಾದರೂ ಅಸಲಿಗೆ ಹಾಕಿ.

ಪಾಲಿಕೆ ವ್ಯಾಪ್ತಿಯಲ್ಲಿ ಕಟ್ಟುವವರು ಪ್ರಧಾನಮಂತ್ರಿ ಆವಾಸ್ ಯೋಜನೆ ನಗರ 2.0ರ ಬಡ್ಡಿ ಸಹಾಯಧನವನ್ನೂ ವಿಚಾರಿಸಬೇಕು. ವರ್ಷಕ್ಕೆ ಒಂಬತ್ತು ಲಕ್ಷದೊಳಗಿನ ಆದಾಯ, 25 ಲಕ್ಷದೊಳಗಿನ ಸಾಲ, 35 ಲಕ್ಷದೊಳಗಿನ ಮನೆ ಇದ್ದವರಿಗೆ ಗರಿಷ್ಠ 1.80 ಲಕ್ಷ, ಐದು ವಾರ್ಷಿಕ ಕಂತಿನಲ್ಲಿ. ಆದರೆ ಕುಟುಂಬಕ್ಕೆ ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇರಬಾರದು. ಆನೇಕಲ್ಲಿನಲ್ಲಿ ಹೆಂಡತಿ ಹೆಸರಲ್ಲಿ ಮನೆ ಇಟ್ಟುಕೊಂಡು ಹೊಸೂರಿನಲ್ಲಿ ಇಲ್ಲ ಎಂದು ಬರೆದುಕೊಟ್ಟರೆ ನಡೆಯುವುದಿಲ್ಲ.

ಕೃಷ್ಣಗಿರಿ ಜಿಲ್ಲೆಯ ಬ್ಯಾಂಕುಗಳ ಮೇಲಧಿಕಾರಿಗಳಲ್ಲಿ ನಮ್ಮ ಒತ್ತಾಯ ಇದು: ಹೊಸೂರು, ಡೆಂಕಣಿಕೋಟೆ ತಾಲ್ಲೂಕಿನ ಶಾಖೆಗಳಲ್ಲಿ ಮುಖ್ಯಾಂಶಗಳ ಪತ್ರದ ಕನ್ನಡ, ತೆಲುಗು ನಮೂನೆ ಇಡಿಸಿ. ಇದೆ ಎಂದು ಎಲ್ಲರಿಗೂ ಕಾಣುವಂತೆ ಒಂದು ಬೋರ್ಡು ಹಾಕಿಸಿ. ಕೊಡದಿದ್ದರೆ ಸಾಲಗಾರರು ಬಾಯಿಮಾತಿನಲ್ಲಿ ಬಿಡದೆ ಬರೆದು ಕೊಟ್ಟು ಸೀಲು ಹಾಕಿಸಿಕೊಳ್ಳಲಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಸರಿ ಇಲ್ಲದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಖರ್ಚಿಲ್ಲ. ಮಾಹಿತಿಗೆ 14448.

ಪತ್ರಗಳನ್ನು ಬ್ಯಾಂಕಿಗೆ ಒಪ್ಪಿಸುವ ದಿನ ಯಾವ ಯಾವ ಅಸಲು ಪತ್ರ ಕೊಟ್ಟಿರಿ ಎಂಬ ಪಟ್ಟಿಗೆ ಸಹಿ, ಸೀಲು ಹಾಕಿಸಿಕೊಂಡು ಅದರ ಜೆರಾಕ್ಸ್ ಬೀರುವಿನಲ್ಲಿಡಿ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಅವೆಲ್ಲ ವಾಪಸು ಬರಬೇಕು. 2023ರ ಡಿಸೆಂಬರ್ 1ರಿಂದ ಈಚೆಗೆ, ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮವಿದೆ. ಪತ್ರ ಕೈಗೆ ಬಂದ ವಾರವೇ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಒತ್ತೆ ತೀರಿದ ರಸೀದಿ ನೋಂದಾಯಿಸಿ, ಹೊಸದೊಂದು ಈಸಿ ತೆಗೆಸಿ ನೋಡಿ. ಬಾಗಲೂರಿನ ಆ ಪರಿಚಯದವರ ಕಟ್ಟಿನಲ್ಲಿ ವಿಮೆಯ ಕಾಗದ ಇತ್ತು, ಮಂಜೂರಾತಿ ಪತ್ರ ಇತ್ತು. ಕೊಟ್ಟ ಪತ್ರಗಳ ಪಟ್ಟಿ ಇರಲಿಲ್ಲ. ಸೋಮವಾರ ರಜೆ ಹಾಕಿ ಅದನ್ನು ಕೇಳಲು ಹೋಗುತ್ತೇನೆ ಎಂದಿದ್ದಾರೆ.